ಮಗಳ ದಿಬ್ಬ

ಹಗರಿ ಹೊಳೆಯ ಬಡಗಣ ದಂಡೆಯಲ್ಲಿ, ನಿಂಬಳಗುಂದಿಯ ಹೊರಗೆ, ಬೋಳು ಬಂಡೆಗಳ ಒಂದು ಸಣ್ಣ ದಿಬ್ಬವಿದೆ. ರಸ್ತೆಯ ಫಲಕದಲ್ಲಿ ಅದರ ಹೆಸರು ‘ಮಂಗಳ ದಿಬ್ಬ’. ಊರಿನ ಹಿರಿಯರು ಇದನ್ನು ಒಪ್ಪುವುದಿಲ್ಲ. ಅದು ‘ಮಗಳ ದಿಬ್ಬ’, ನಡುವೆ ಸೊನ್ನೆ ತುರುಕಿದವರು ಆಮೇಲಿನವರು ಎನ್ನುತ್ತಾರೆ. ಊರೊಳಗಿನ ಹಳೆಯ ಗುಡಿಯ ಗ್ರಹಮಂಟಪದಲ್ಲಿ ಪೀಠಗಳು ಒಂಬತ್ತು, ಮೂರ್ತಿಗಳು ಎಂಟೇ. ಖಾಲಿ ಪೀಠದ ಕಥೆಯೂ ದಿಬ್ಬದ ಹೆಸರಿನ ಕಥೆಯೂ ಒಂದೇ.

ಹಿಂದೆ ಒಮ್ಮೆ, ಆ ಮಂಟಪವಿನ್ನೂ ಹೊಸದಾಗಿದ್ದ ಕಾಲದಲ್ಲಿ, ಊರಿನಲ್ಲಿ ಕೇತೋಜನೆಂಬ ಶಿಲ್ಪಿಯಿದ್ದ. ಒಂಬತ್ತು ಗ್ರಹಗಳನ್ನೂ ಕಡೆದವನು ಅವನೇ. ತಾಯಿಯಿಲ್ಲದ ಮಗಳು ಬಾಚವ್ವೆ ಕಲ್ಲಿಗೆ ನೀರು ಚಿಮುಕಿಸುತ್ತ, ಧೂಳು ಒರೆಸುತ್ತ ಪಕ್ಕದಲ್ಲೇ ಬೆಳೆದಳು. ಈ ಗ್ರಹಗಳಿಗೆಲ್ಲ ಯಾಕೆ ಪೂಜೆ ಎಂದು ಅವಳು ಕೇಳಿದಾಗ ಕೇತೋಜ ಉಳಿ ಕೆಳಗಿಟ್ಟು ಹೇಳಿದ್ದ: “ಚುಕ್ಕಿಗಳೆಲ್ಲ ಜೊತೆಯ ಚುಕ್ಕಿಗಳನ್ನು ಬಿಟ್ಟು ಕದಲುವುದಿಲ್ಲ ಮಗಳೇ. ಮಂಗಳನೂ ಸೇರಿ ಐದು ಮಾತ್ರ ಅವುಗಳ ನಡುವೆ ತಮ್ಮ ಪಾಡಿಗೆ ತಾವು ನಡೆಯುತ್ತವೆ. ತಾನಾಗಿ ನಡೆಯುವುದಕ್ಕೆ ಜೀವ ಇರಲೇಬೇಕಲ್ಲ? ಅಷ್ಟು ಎತ್ತರದಲ್ಲಿ ಜೀವವಿದ್ದರೆ ಅದು ದೇವರಲ್ಲದೆ ಇನ್ನೇನು? ಹಾಗೆಂದು ನಮ್ಮ ಹಿರಿಯರು ಬೆರಗಾಗಿ ಕೈಮುಗಿದರು.”

ಬಾಚವ್ವೆಗೆ ಹದಿನೇಳಾದಾಗ ಹೊಳೆಯಾಚೆಯಿಂದ ಗಂಡಿನವರು ಬಂದರು. ವೀಳ್ಯ ಬದಲಾಯಿಸುವ ಹೊತ್ತಿಗೆ ಗುಡಿಯ ಜೋಯಿಸರಾದ ನರಹರಿ ಜಾತಕ ನೋಡಿ, ಹುಡುಗಿಗೆ ಕುಜದೋಷವಿದೆ, ಮಂಗಳನ ಕಣ್ಣು ಬಿದ್ದಿದೆ, ಕೈಹಿಡಿದವನು ವರ್ಷ ತುಂಬುವುದರೊಳಗೆ ಸಾಯುತ್ತಾನೆ ಎಂದುಬಿಟ್ಟರು. ಗಂಡಿನ ತಂದೆ ವೀಳ್ಯವನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಅಂದಿನಿಂದ ಬಾವಿಕಟ್ಟೆಯಲ್ಲಿ ಹೆಂಗಸರು ಅವಳನ್ನು ಕಂಡು ಕೊಡ ಸರಿಸಿಕೊಂಡರು. ಯಾರದೋ ಕರು ಸತ್ತರೂ ಅವಳ ಹೆಸರೇ ಬಂತು. ಅವಳು ಮನೆಯ ಮೂಲೆ ಬಿಟ್ಟು ಏಳದಾದಳು, ಅಪ್ಪನ ಕಲ್ಲಿನ ಹತ್ತಿರವೂ ಸುಳಿಯಲಿಲ್ಲ. ತಾನೇ ಕಡೆದ ಕಲ್ಲು ತನ್ನ ಮಗಳ ಮೇಲೆಯೇ ಬಿತ್ತಲ್ಲ ಎಂದು ಕೇತೋಜ ಉಳಿ ಮುಟ್ಟುವುದನ್ನೇ ಬಿಟ್ಟ.

ಒಂದು ಬೆಳಗ್ಗೆ ಪೂಜೆಯ ಹೊತ್ತಿಗೆ ಅವನು ಹಾರೆ ಹಿಡಿದು ಮಂಟಪಕ್ಕೆ ಬಂದ. ಊರವರೆಲ್ಲ ಸೇರಿದ್ದರು.

“ಜೋಯಿಸರೇ, ಈ ಮಂಗಳ ದೇವರೋ, ಕೊಲೆಗಡುಕನೋ? ಒಂದು ಮಾತು ಹೇಳಿ.”

“ಕೇತೋಜಾ, ಗ್ರಹದ ಮುಂದೆ ನಾಲಿಗೆ ಬಿಗಿಹಿಡಿ!”

“ದೇವರಾದರೆ ಏನೂ ಅರಿಯದ ಹುಡುಗಿಯ ಕೊರಳಿಗೆ ಉರುಳಾಗುತ್ತಾನೆಯೇ? ಕೊಲೆಗಡುಕನಾದರೆ ದಿನಾ ಹಾಲೆರೆದು ಯಾಕೆ ಸಾಕಿದ್ದೀರಿ? ಹಿರಿಯರು ಬೆರಗಿನಿಂದ ಮುಗಿದ ಕೈಯನ್ನು ನೀವು ಹೆದರಿಕೆಯಿಂದ ಕಟ್ಟಿಹಾಕಿದಿರಲ್ಲ!”

ಕೇತೋಜ ಹಾರೆ ಮೀಟಿ ಮಂಗಳನನ್ನು ಪೀಠದಿಂದ ಎತ್ತಿ ಹೆಗಲಿಗೇರಿಸಿದ. ತಡೆಯಲು ಒಬ್ಬರೂ ಮುಂದೆ ಬರಲಿಲ್ಲ, ಆ ಕಲ್ಲನ್ನು ಮುಟ್ಟಲು ಎಲ್ಲರಿಗೂ ಭಯ. ಬೀದಿಯಲ್ಲಿ ಸದ್ದು ಕೇಳಿ ಬಾಚವ್ವೆ ಹೊರಗೆ ಓಡಿ ಬಂದಳು. ಅಪ್ಪ ಭಾರಕ್ಕೆ ಬಾಗಿದ್ದನ್ನು ಕಂಡು ಕಲ್ಲಿನ ಇನ್ನೊಂದು ಬದಿಯನ್ನು ಕೈಯಲ್ಲಿ ಎತ್ತಿ ಹಿಡಿದಳು. ಇಬ್ಬರೂ ದಿಬ್ಬ ಹತ್ತಿ ಅದನ್ನು ಬಯಲಲ್ಲಿ ನಿಲ್ಲಿಸಿದರು. “ಇಲ್ಲಿಂದ ಮೇಲಿರುವ ಮಂಗಳ ನೇರ ಕಾಣುತ್ತಾನೆ. ನಡುವೆ ಯಾರೂ ಬೇಡ” ಎಂದ ಕೇತೋಜ.

ಬಾಚವ್ವೆ ಮದುವೆಯಾಗಲಿಲ್ಲ. ದಿಬ್ಬದ ಮೇಲೆಯೇ ಗುಡಿಸಲು ಹಾಕಿ, ಯಾವ ಗ್ರಹ ಎಲ್ಲಿಂದ ಎಲ್ಲಿಗೆ ಸರಿಯಿತೆಂದು ನೋಡುತ್ತ ಮುಪ್ಪಿನವರೆಗೂ ಬಾಳಿದಳು. ಕೊಡ ಸರಿಸಿಕೊಂಡ ಹೆಂಗಸರೇ ತಮ್ಮ ಹೆಣ್ಣುಮಕ್ಕಳನ್ನು ಅವಳ ಬಳಿ ಆಕಾಶ ಕಲಿಯಲು ಕಳಿಸಿದರಂತೆ. ಅವಳನ್ನು ಬಿಟ್ಟುಹೋದ ವರ, ಜಾತಕ ಕೂಡಿಬಂದ ಬೇರೊಬ್ಬಳನ್ನು ಮದುವೆಯಾಗಿ, ವರ್ಷದೊಳಗೆ ಜ್ವರದಲ್ಲಿ ತೀರಿಕೊಂಡ. ಅದಕ್ಕೆ ಯಾವ ಗ್ರಹ ಕಾರಣವೆಂದು ಜೋಯಿಸರು ಹೇಳಲಿಲ್ಲ. ಕೇತೋಜನ ಮಗಳಿದ್ದ ದಿಬ್ಬ ಮಗಳ ದಿಬ್ಬವಾಯಿತು.

ಇಂದು ಹೋದವರಿಗೆ ಮೊಳಕಾಲೆತ್ತರದ ಆ ಮೂರ್ತಿ ಕಾಣುತ್ತದೆ. ಮುಖ ಸವೆದಿದೆ, ಮೈತುಂಬ ಕೆಂಪು ವಸ್ತ್ರ ಸುತ್ತಿದ್ದಾರೆ. ಮೇಲೆ ತಗಡಿನ ಸೂರು ಹಾಕಿರುವುದರಿಂದ ಅಲ್ಲಿ ನಿಂತರೆ ಆಕಾಶ ಕಾಣುವುದಿಲ್ಲ. ಪ್ರತಿ ಮಂಗಳವಾರ ಕುಜದೋಷ ಪರಿಹಾರಕ್ಕೆಂದು ತಾಯ್ತಂದೆಯರು ಹೆಣ್ಣುಮಕ್ಕಳನ್ನು ಕರೆತಂದು, ಅದರ ಮುಂದೆ ತಲೆ ತಗ್ಗಿಸಿ ಕೂರಿಸುತ್ತಾರೆ.