ತಲೆಹೊರೆ ಕಟ್ಟೆ

ಹೊನ್ನಿಗನೂರಿನಲ್ಲಿ ಬಸ್ಸಿಳಿದು ಪೂರ್ವಕ್ಕೆ ಅರ್ಧ ಮೈಲಿ ನಡೆದರೆ ಕೆರೆಯ ಏರಿ ಸಿಗುತ್ತದೆ. ಅದರ ಮೇಲೆ, ತೂಬಿನ ಪಕ್ಕದಲ್ಲಿ, ಉಳಿ ಮುಟ್ಟದ ಹದಿನೇಳು ಕರಿಗಲ್ಲುಗಳು ಒಂದೇ ಸಾಲಿನಲ್ಲಿವೆ. ಒಬ್ಬರು ತಲೆಯ ಮೇಲೆ ಹೊರಬಹುದಾದಷ್ಟೇ ದೊಡ್ಡವು. ಊರವರು ಈ ಜಾಗವನ್ನು ತಲೆಹೊರೆ ಕಟ್ಟೆ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಊರು ನೀಲಗಂಗವ್ವ ಎಂಬ ಗೌಡಸಾನಿಯ ಮನೆತನಕ್ಕೆ ಸೇರಿತ್ತು. ಆ ಮನೆಯಲ್ಲಿ ಹುಟ್ಟಾಳುಗಳಿದ್ದರು. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಎತ್ತುಗಳಂತೆ ಮಾರಬಹುದಿತ್ತು. ಒಂದು ಮಳೆಗಾಲ ತೂಬು ಸೋರತೊಡಗಿದಾಗ ಗೌಡಸಾನಿಯ ಒಬ್ಬನೇ ಮಗ ಚನವೀರ ಹದಿನೇಳು ಆಳುಗಳ ತಲೆಗೆ ಮಣ್ಣಿನ ಬುಟ್ಟಿ ಹೊರಿಸಿ ಕೆಳಗಿಳಿಸಿದ, ತಾನು ಏರಿಯ ಮೇಲೆ ನಿಂತ. ಏರಿ ಕುಸಿಯಿತು. ಹದಿನೆಂಟು ಜನರೂ ಹೋದರು.

ಗೌಡಸಾನಿ ಮಗನಿಗಾಗಿ ಕುದುರೆ, ಕತ್ತಿ, ಸೂರ್ಯ ಚಂದ್ರರನ್ನು ಕೆತ್ತಿಸಿ ಏರಿಯ ತುದಿಯಲ್ಲಿ ಆಳೆತ್ತರದ ಕಲ್ಲು ನಿಲ್ಲಿಸಿದಳು. ಗಂಡನನ್ನು ಕಳೆದುಕೊಂಡಿದ್ದ ಹುಲಿಗಿ ಎಂಬ ಆಳು ಹೆಂಗಸು ಗುಡ್ಡದಿಂದ ಒಂದು ಕಾಡುಗಲ್ಲನ್ನು ತಲೆಯ ಮೇಲೆ ಹೊತ್ತು ತಂದು ತೂಬಿನ ಪಕ್ಕದಲ್ಲಿಟ್ಟಳು. ಉಳಿದ ಹದಿನಾರು ಮನೆಯವರೂ ಹಾಗೆಯೇ ಮಾಡಿದರು. ಯಾರೂ ಬಂಡಿ ಹೂಡಲಿಲ್ಲ. ಸತ್ತವರು ತಲೆಹೊರೆಯಲ್ಲೇ ಸತ್ತಿದ್ದರು. ಕಟ್ಟೆಗೆ ಆಗಲೇ ಈ ಹೆಸರು ಬಂತು. ನೀರಿಗೆ ಬಂದ ಹೆಂಗಸರು ಪ್ರತಿ ಕಲ್ಲಿಗೂ ಕೊಡದಿಂದ ಇಷ್ಟು ನೀರು ಹನಿಸಿ ಸತ್ತವನ ಹೆಸರು ಹೇಳತೊಡಗಿದರು. ಕೆತ್ತನೆಯ ಕಲ್ಲಿನ ಮುಂದೆ ಸೆರಗು ಸರಿಮಾಡಿಕೊಂಡು ಸುಮ್ಮನೆ ಹಾದುಹೋಗುತ್ತಿದ್ದರು.

ನೀಲಗಂಗವ್ವ ಇದನ್ನು ಮಾಳಿಗೆಯಿಂದ ದಿನವೂ ನೋಡಿದಳು. ಮಗ ಹೋದ ದುಃಖಕ್ಕೆ ಅನ್ನ ಸೇರದಿದ್ದವಳಿಗೆ ಈಗ ಹೊಟ್ಟೆಕಿಚ್ಚಿಗೆ ನಿದ್ದೆಯೂ ಹತ್ತಲಿಲ್ಲ. ತನ್ನ ಆಳುಗಳ ಹೆಸರು ಊರೆಲ್ಲರ ಬಾಯಲ್ಲಿ. ತನ್ನ ಮಗನ ಹೆಸರು ತನ್ನ ಬಾಯಲ್ಲಿ ಮಾತ್ರ. ಕಲ್ಲುಗಳನ್ನು ಕೀಳಿಸಬಹುದಿತ್ತು. ಆದರೆ ಅವಳಿಗೆ ಬೇಕಾಗಿದ್ದದ್ದು ಆ ನೀರು. ಎಂದೂ ಕೊಡ ಹೊರದ ಅವಳು ಒಂದು ಮುಂಜಾನೆ ಗುಡ್ಡದಿಂದ ಕಲ್ಲು ಹೊತ್ತು, ಹಣೆಯಲ್ಲಿ ರಕ್ತ ಒಸರುತ್ತ, ಏರಿಗೆ ಬಂದಳು. ಹುಲಿಗಿ ಸಾಲಿನ ಮುಂದೆ ಕಲ್ಲಿಗೆ ನೀರು ಹನಿಸುತ್ತಿದ್ದಳು.

"ಆಚೆ ಸರಿ, ಹುಲಿಗಿ. ಇದನ್ನ ಸಾಲಿನಾಗ ಇಡತೀನಿ."

ಹುಲಿಗಿ ಸರಿಯಲಿಲ್ಲ. "ಅವ್ವಾರ, ಸಣ್ಣಗೌಡ್ರಿಗೆ ಕುದುರಿ ಕೆತ್ತಿಸೀರಿ. ನಮ್ಮ ಕಾಡುಗಲ್ಲಿನ ಮ್ಯಾಲೂ ಕಣ್ಣೇನ್ರಿ?"

"ಅವನೂ ಅದ ನೀರಾಗ ಸತ್ತಾನ."

"ಹೌದ್ರಿ. ಏರಿ ಬಿರುಕು ಬಿಟ್ಟಾಗ ನಮ್ಮವರು ಮ್ಯಾಲ ಬರತೀವಂತ ಕೂಗಿದ್ರು. ಸಣ್ಣಗೌಡ್ರು ಬ್ಯಾಡ ಅಂದ್ರು. ಅವರು ನಿಂತು ಸತ್ರು, ನಮ್ಮವರು ಹೊತ್ತು ಸತ್ರು."

ಗೌಡಸಾನಿಗೆ ಇದು ಗೊತ್ತಿರಲಿಲ್ಲವೆಂದು ಕೆಲವರು, ಗೊತ್ತಿತ್ತೆಂದು ಕೆಲವರು ಹೇಳುತ್ತಾರೆ. ಹೊರೆ ಇಳಿಸದೆ ಅವಳು ಬಹಳ ಹೊತ್ತು ನಿಂತಳು. ಕೊನೆಗೆ ಸಾಲಿನಿಂದ ಹತ್ತು ಹೆಜ್ಜೆ ಕೆಳಗೆ ಇಳಿಸಿದಳು. ಬದುಕಿದಷ್ಟು ದಿನ ಅದರ ಪಕ್ಕದಲ್ಲೇ ಕುಳಿತು, ಹಾದುಹೋಗುವ ಒಬ್ಬೊಬ್ಬರ ಕೊಡವನ್ನೇ ದಿಟ್ಟಿಸುತ್ತಿದ್ದಳು ಎನ್ನುತ್ತಾರೆ.

ಕೆತ್ತನೆಯ ಕಲ್ಲು ಯಾವುದೋ ನೆರೆಯಲ್ಲಿ ಕೊಚ್ಚಿಹೋಯಿತು. ಹತ್ತು ಹೆಜ್ಜೆ ಕೆಳಗಿನ ಒಂಟಿ ಕಲ್ಲನ್ನು ಬಂದವರು ಈಗಲೂ ನೋಡಬಹುದು. ಹದಿನೇಳು ಹೆಸರು ಹೇಳಿ ಮುಗಿಸಿದ ಹೆಂಗಸರು ಅಲ್ಲಿಗಿಳಿದು ಕೊಡ ಬಗ್ಗಿಸುತ್ತಾರೆ. ನೀರು ಉಳಿದಿದ್ದರೆ ಬೀಳುತ್ತದೆ. ಹೆಸರು ಹೇಳುವುದಿಲ್ಲ.