ಓದಿ ಹೇಳುವವನು

"ಗುರುಗಳೇ, ಬಾಯಿಂದ ಒಂದು ಸುಳ್ಳೂ ಹೊರಡದಂತೆ ನೋಡಿಕೊಂಡವನು ಯಾರಿಗೂ ಮೋಸ ಮಾಡಲಾರ, ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಇಬ್ಬರು ಸೇರಿ ಒಂದು ಸಾಹಿತ್ಯ ಪತ್ರಿಕೆ ನಡೆಸುತ್ತಿದ್ದರು. ತಿಂಗಳಿಗೊಂದು ಸಂಚಿಕೆ, ಮುನ್ನೂರು ಓದುಗರು. ಹಿರಿಯರು ದುಂಡಪ್ಪ ಮಾಸ್ತರರು. ಕಿರಿಯವನ ಹೆಸರು ಶೇಷಗಿರಿ. ಕವಿತೆಯ ವಿಷಯದಲ್ಲಿ ಮಾಸ್ತರರ ಮಾತಿಗೆ ಆ ಸೀಮೆಯಲ್ಲೆಲ್ಲ ಬೆಲೆಯಿತ್ತು. ಅವರು ಅಚ್ಚು ಹಾಕಿಸಿದವನನ್ನು ಜನ ಕವಿಯೆಂದು ಕರೆಯುತ್ತಿದ್ದರು. ಅವರು ಹಿಂದಕ್ಕೆ ಕಳಿಸಿದವನು ಯಾಕೆಂದು ಕೇಳುತ್ತಿರಲಿಲ್ಲ.

ಶೇಷಗಿರಿಯೂ ಕವಿತೆ ಬರೆಯುತ್ತಿದ್ದ. ಮಾಸ್ತರರು ವರ್ಷಕ್ಕೆ ಒಂದೆರಡನ್ನು ಹಾಕುತ್ತಿದ್ದರು. ಚೆನ್ನಾಗಿದೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಚೆನ್ನಾಗಿಲ್ಲ ಎಂದೂ ಹೇಳಿರಲಿಲ್ಲ. ಅದರ ಅರ್ಥ ಶೇಷಗಿರಿಗೆ ಗೊತ್ತಿತ್ತು.

ಮಾಸ್ತರರಿಗೆ ಅರವತ್ತು ದಾಟಿದ ಮೇಲೆ ಕಣ್ಣು ಹೋಯಿತು. "ಇನ್ನು ಪತ್ರಿಕೆ ಸಾಕು" ಎಂದರು. ಶೇಷಗಿರಿ ಒಪ್ಪಲಿಲ್ಲ. ತಾನು ಓದಿ ಹೇಳುವುದು, ಮಾಸ್ತರರು ಕೇಳಿ ತೀರ್ಮಾನಿಸುವುದು ಎಂದು ಗೊತ್ತುಮಾಡಿದ. ಆ ದಿನ ಅವನ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ.

ಅವನು ಓದಿದರೆ ಕೇಳಬೇಕೆನಿಸುತ್ತಿತ್ತು. ಯಾರು ಬರೆದರೂ ಅವರವರ ನಡಿಗೆ ಹಿಡಿದು ಓದುತ್ತಿದ್ದ. ಎಲ್ಲಿ ನಿಲ್ಲಬೇಕು, ಎಲ್ಲಿ ತಗ್ಗಬೇಕು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಒಂದು ದಿನ ಬಾರದಿದ್ದರೆ ಮಾಸ್ತರರು ಊಟ ಮಾಡದೆ ಬಾಗಿಲ ಬಳಿ ಕುಳಿತಿರುತ್ತಿದ್ದರು. ಅವನನ್ನು ಬಿಟ್ಟರೆ ಓದಿ ಹೇಳುವವರು ಅವರಿಗೆ ಬೇರೆ ಯಾರೂ ಇರಲಿಲ್ಲ. "ಕಣ್ಣಿದ್ದಾಗ ನಾನು ಇಷ್ಟು ಚೆನ್ನಾಗಿ ಓದಿರಲಿಲ್ಲ" ಎಂದು ಒಮ್ಮೆ ಹೇಳಿದರು. ಅಷ್ಟು ವರ್ಷಗಳಲ್ಲಿ ಶೇಷಗಿರಿಗೆ ಸಿಕ್ಕ ಹೊಗಳಿಕೆ ಅದೊಂದೇ.

ಹೀಗಿರುವಾಗ ಅದೇ ಊರಿನ ವಿಳಾಸದಿಂದ ಒಂದು ಕವಿತೆ ಬಂತು. ಬರೆದವನು ಫಕೀರಪ್ಪ ಹಡಪದ. ಊರಿನಲ್ಲಿ ಅಂಚೆ ಹಂಚುವವನು. ಪತ್ರಿಕೆಗೆ ಬರುವ ಲಕೋಟೆಗಳನ್ನೆಲ್ಲ ದಿನವೂ ತಂದುಕೊಡುತ್ತಿದ್ದವನು ಅವನೇ. ಕೈಯಲ್ಲಿ ಕೊಟ್ಟರೆ ದಾಕ್ಷಿಣ್ಯಕ್ಕೆ ಹಾಕಿಯಾರೆಂದು ಸ್ಟಾಂಪು ಹಚ್ಚಿ ಡಬ್ಬಿಗೆ ಹಾಕಿದ್ದ. ಬೇರೆ ಕಾಗದಗಳ ನಡುವೆ ಅದನ್ನೂ ತಂದು ಕೊಟ್ಟು, ಏನೂ ಹೇಳದೆ ಹೋಗಿದ್ದ.

ಶೇಷಗಿರಿ ಮೊದಲು ಒಬ್ಬನೇ ಓದಿಕೊಂಡ. ಒಬ್ಬ ಅಂಚೆಯವನು ಸಾವಿನ ತಂತಿ ಹಿಡಿದು ಒಂದು ಮನೆಗೆ ಹೋಗುತ್ತಾನೆ. ಸತ್ತದ್ದು ಆ ಮನೆಯ ಮಗ. ಇನ್ನೂ ಏನೂ ತಿಳಿಯದ ತಾಯಿ, ಬಿಸಿಲಲ್ಲಿ ಬಂದಿದ್ದೀಯಪ್ಪ ಎಂದು ಮಜ್ಜಿಗೆ ಕೊಡುತ್ತಾಳೆ. ಅವನು ಮಜ್ಜಿಗೆಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಆಮೇಲೆ ತಂತಿ ಕೊಡುತ್ತಾನೆ. ಕವಿತೆ ಅಷ್ಟೇ.

ಶೇಷಗಿರಿ ಅದನ್ನು ಮತ್ತೊಮ್ಮೆ ಓದಿಕೊಂಡ. ತಾನು ಇಷ್ಟು ವರ್ಷ ಹುಡುಕುತ್ತಿದ್ದುದು ಇದನ್ನೇ ಎಂದು ತಿಳಿಯಿತು. ತನಗೆ ಅದು ಎಂದೂ ಸಿಗುವುದಿಲ್ಲ ಎಂಬುದೂ ತಿಳಿಯಿತು. ಮಾಸ್ತರರು ಇದನ್ನು ಕೇಳಿದರೆ ಏನನ್ನುತ್ತಾರೆ, ಅವರ ಮುಖ ಹೇಗಾಗುತ್ತದೆ ಎಂದು ಯೋಚಿಸಿದ. ಆ ಮುಖವನ್ನು ತನ್ನ ಕವಿತೆಗೆ ಅವನು ಒಮ್ಮೆಯೂ ಕಂಡಿರಲಿಲ್ಲ.

ಸಂಜೆ ಅದನ್ನು ಓದಿ ಹೇಳಿದ. ಒಂದು ಅಕ್ಷರ ಬಿಡಲಿಲ್ಲ, ಒಂದು ಅಕ್ಷರ ಸೇರಿಸಲಿಲ್ಲ. ಕೋರ್ಟಿನ ಗುಮಾಸ್ತ ಜಾಮೀನುಪತ್ರ ಓದುವಂತೆ ಓದಿದ. ಲೋಟ ಕೆಳಗಿಟ್ಟಲ್ಲಿ ಒಂದು ಉಸಿರು ನಿಲ್ಲಬೇಕಿತ್ತು. ಅವನು ನಿಲ್ಲದೆ ದಾಟಿಹೋದ.

ಮಾಸ್ತರರು ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಇನ್ನೊಮ್ಮೆ ಓದು" ಎಂದರು.

ಅವನು ಹಾಗೆಯೇ ಇನ್ನೊಮ್ಮೆ ಓದಿದ.

"ಆಗಲಿ, ವಾಪಸು ಕಳಿಸು" ಎಂದರು.

ಶೇಷಗಿರಿ ಕಳಿಸಿದ. ಆ ಲಕೋಟೆಯನ್ನು ಫಕೀರಪ್ಪನೇ ಚೀಲದಲ್ಲಿ ಹೊತ್ತುಕೊಂಡು ಹೋಗಿ, ತನ್ನ ಮನೆಗೆ ತಾನೇ ಮುಟ್ಟಿಸಿಕೊಂಡ. ಮರುದಿನ ಎಂದಿನಂತೆ ಪತ್ರಿಕೆಯ ಬಾಗಿಲಿಗೆ ಬಂದು ಅಂಚೆ ಕೊಟ್ಟ. ಇಬ್ಬರೂ ಆ ಮಾತು ಎತ್ತಲಿಲ್ಲ. ಎರಡು ವರ್ಷದಲ್ಲಿ ಅವನಿಂದ ಇನ್ನೂ ಐದಾರು ಕವಿತೆಗಳು ಬಂದವು. ಎಲ್ಲವನ್ನೂ ಶೇಷಗಿರಿ ಓದಿ ಹೇಳಿದ, ಎಲ್ಲವೂ ಹಿಂದಕ್ಕೆ ಹೋದವು. ಲಕೋಟೆ ಕೊಡುವಾಗ ಫಕೀರಪ್ಪನ ಕೈ ಒಮ್ಮೊಮ್ಮೆ ತಡೆಯುತ್ತಿತ್ತು. ಶೇಷಗಿರಿ ಆ ಕೈಯನ್ನು ಮಾತ್ರ ನೋಡುತ್ತಿದ್ದ, ಮುಖ ನೋಡುತ್ತಿರಲಿಲ್ಲ. ತಾನು ಸುಳ್ಳು ಹೇಳಿಲ್ಲ, ಇದ್ದುದನ್ನು ಇದ್ದಂತೆ ಓದಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಕೊನೆಗೆ ಫಕೀರಪ್ಪ ಆ ಮೊದಲ ಕವಿತೆಯನ್ನೇ ಅಲ್ಲಲ್ಲಿ ತಿದ್ದಿ ಮತ್ತೆ ಕಳಿಸಿದ. ಶೇಷಗಿರಿ ಅದನ್ನು ಒಂದು ಬೆಳಿಗ್ಗೆ ಓದಿ ಹೇಳಿದ. ಮಾಸ್ತರರು ವಾಪಸು ಎಂದರು.

ಮರುದಿನ ಅಂಚೆ ಕೊಟ್ಟ ಮೇಲೆ ಫಕೀರಪ್ಪ ಹೋಗದೆ ನಿಂತ.

"ರಾಯರೇ, ಅದನ್ನು ವಾಪಸು ಕಳಿಸುವ ತ್ರಾಸ ತೆಗೆದುಕೊಳ್ಳಬೇಡಿ. ಹರಿದುಬಿಡಿ" ಎಂದ. "ನಿನ್ನೆ ಬಂದಾಗ ನೀವು ಓದುತ್ತಿದ್ದಿರಿ. ನಾನು ಕಿಟಕಿಯ ಕೆಳಗೆ ನಿಂತು ಕೇಳಿದೆ. ಇಷ್ಟು ದಿನ ನನ್ನ ತಲೆಯೊಳಗೆ ಅದು ಬೇರೆಯೇ ಇತ್ತು. ನಿಮ್ಮಂಥವರ ಬಾಯಲ್ಲಿ ಕೇಳಿದಾಗ ಗೊತ್ತಾಯಿತು, ಅದರಲ್ಲಿ ಏನೂ ಇಲ್ಲ. ರಾತ್ರಿ, ಕವಿತೆ ಬರೆದಿಟ್ಟಿದ್ದ ಎರಡು ವಹಿಗಳನ್ನೂ ನೀರೊಲೆಗೆ ಹಾಕಿದೆ. ತಿಳಿಸಿಕೊಟ್ಟಿರಿ, ದೊಡ್ಡ ಉಪಕಾರವಾಯಿತು."

ಅವನು ಕೈಮುಗಿದ. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಚೀಲ ಹೆಗಲಿಗೇರಿಸಿ ಮುಂದಿನ ಮನೆಗೆ ಹೋದ.

ಶೇಷಗಿರಿ ಒಳಗೆ ಬಂದು ಮೇಜಿನ ಮೇಲಿದ್ದ ಹಾಳೆಯನ್ನು ತೆಗೆದುಕೊಂಡ. ಈಗ ಸರಿಯಾಗಿ ಓದಿನೋಡೋಣವೆಂದು ಕದ ಹಾಕಿಕೊಂಡು ಓದಿದ. ದನಿ ಏಳಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದ. ಎರಡು ವರ್ಷ ಫಕೀರಪ್ಪನ ಕವಿತೆಗಳನ್ನು ಹೇಗೆ ಓದಿದ್ದನೋ ಹಾಗೆಯೇ ಬಾಯಿಗೆ ಬಂತು. ಫಕೀರಪ್ಪ ತಿದ್ದಿದ ಕಡೆಗಳಲ್ಲೆಲ್ಲ ಕವಿತೆ ಮೊದಲಿಗಿಂತ ಸೊರಗಿತ್ತು. ಹಿಂದಕ್ಕೆ ಬಂದದ್ದರಿಂದ ಅದರಲ್ಲಿ ತಪ್ಪಿದೆಯೆಂದು ನಂಬಿ, ಮಜ್ಜಿಗೆಯ ಸಾಲನ್ನು ಅವನು ತೆಗೆದೇಹಾಕಿದ್ದ. ಮೊದಲ ಪ್ರತಿ ವಹಿಗಳ ಜೊತೆ ಒಲೆಗೆ ಹೋಗಿತ್ತು. ಆ ಸಾಲು ಹೇಗಿತ್ತೆಂದು ಶೇಷಗಿರಿ ಸಂಜೆಯವರೆಗೆ ನೆನಪಿಸಿಕೊಳ್ಳಲು ನೋಡಿದ. ಅರ್ಥ ನೆನಪಾಯಿತು, ಮಾತು ನೆನಪಾಗಲಿಲ್ಲ.

ಫಕೀರಪ್ಪ ಮುಂದೆ ಏನನ್ನೂ ಬರೆಯಲಿಲ್ಲ. ನಿವೃತ್ತಿಯಾಗುವವರೆಗೂ ದಿನವೂ ಆ ಬಾಗಿಲಿಗೆ ಬಂದು ಬೇರೆಯವರ ಕವಿತೆಗಳನ್ನು ಕೊಟ್ಟು ಹೋದ.

ಅವನ ನಿವೃತ್ತಿಯಾಗಿ ನಾಲ್ಕು ವರ್ಷದ ಮೇಲೆ ಮಾಸ್ತರರು ಹಾಸಿಗೆ ಹಿಡಿದರು. ಇನ್ನು ತಡೆದರೆ ಹೇಳಲಾಗುವುದಿಲ್ಲವೆಂದು ಶೇಷಗಿರಿ ಅವರ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡ.

"ಮಾಸ್ತರೇ, ಆ ಫಕೀರಪ್ಪನ ವಿಷಯ ಒಂದು ಹೇಳಬೇಕಾಗಿತ್ತು" ಎಂದ.

"ಅದೇನೂ ಬೇಡ. ಯಾವುದಾದರೂ ಓದು" ಎಂದರು ಮಾಸ್ತರರು.

ಅವನು ಓದಿದ. ಮೂರನೆಯ ದಿನ ಅವರು ತೀರಿಕೊಂಡರು. ಆ ತಿಂಗಳೇ ಪತ್ರಿಕೆ ನಿಂತುಹೋಯಿತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ನಿಟ್ಟುಸಿರು ಬಿಟ್ಟ. "ತಿಳಿಯಿತು, ಗುರುಗಳೇ. ಸುಳ್ಳಾಡದೆಯೂ ಶೇಷಗಿರಿ ಮೋಸ ಮಾಡಿದ. ಪಾಪ, ಆ ಮಾಸ್ತರರು ಅವನನ್ನು ನಂಬಿ ಕೊನೆಯವರೆಗೂ ಮೋಸಹೋದರು."

ಗುರುಗಳು ಅವನ ಮುಖ ನೋಡಿದರು.

"ಎಲ್ಲರ ಕವಿತೆಗೂ ಏಳುತ್ತಿದ್ದ ಆ ದನಿ ಒಬ್ಬನ ಕವಿತೆಗೆ ಮಾತ್ರ ಸಾಯುತ್ತಿದ್ದುದು ಮಾಸ್ತರರ ಕಿವಿಗೆ ಕೇಳಿಸಲಿಲ್ಲವೆಂದು ನಿನಗೆ ಯಾರು ಹೇಳಿದರು?"