ಬೆಳಕಿನ ಗಾಯಕನೂ ಹಳೆಯ ತಬಲಾವಾದಕನೂ

ಶಿಷ್ಯ ಕೇಳಿದ: “ಗುರುಗಳೇ, ನಿನ್ನೆ ಪಟ್ಟಣದ ಸಭಾಂಗಣದಲ್ಲಿ ತೀರಿಕೊಂಡ ಗಾಯಕರೊಬ್ಬರು ಹಾಡಿದರು. ಯಂತ್ರವೊಂದು ಅವರನ್ನು ಬೆಳಕಿನಲ್ಲಿ ಮೂಡಿಸಿ ವೇದಿಕೆಯ ಮೇಲೆ ಕೂರಿಸಿತ್ತು. ದನಿ ಅವರದೇ, ಕೈಯಾಡಿಸುವ ರೀತಿಯೂ ಅವರದೇ. ಒಂದು ಸ್ವರವೂ ಅಲುಗಲಿಲ್ಲ. ನಾನು ಇಷ್ಟು ವರ್ಷ ನಿಮ್ಮ ಮುಂದೆ ಕುಳಿತು ಕಲಿತೆ. ಆದರೂ ಇಂದು ಬೆಳಿಗ್ಗೆ ಹಾಡುವಾಗ ನಾನು ತಪ್ಪಿದೆ. ಬೆಳಕೇ ತಪ್ಪಿಲ್ಲದೆ ಹಾಡುವಾಗ ನಾನು ಯಾಕೆ ಹಾಡಬೇಕು?”

ಗುರು ತಂಬೂರಿಯನ್ನು ಗೋಡೆಗೆ ಒರಗಿಸಿ ಹೇಳಿದರು:

ಒಂದು ಊರಿನಲ್ಲಿ ಒಬ್ಬ ಗಾಯಕರಿದ್ದರು. ಒಬ್ಬ ತಬಲಾವಾದಕರು ಅವರ ಜೊತೆಗಾರರು. ಇಬ್ಬರೂ ಹುಡುಗರಾಗಿದ್ದಾಗಿನಿಂದ ಒಂದೇ ಜಮಖಾನೆಯ ಮೇಲೆ ಕುಳಿತವರು. ವೇದಿಕೆಯ ಮೇಲೆ ಅವರದು ಪ್ರೀತಿಯ ಜಗಳ. ತಾಳ ಒಂದು ಸುತ್ತು ಮುಗಿಸಿ ಮರಳಿ ಬಂದು ಸೇರುವ ಜಾಗಕ್ಕೆ ಸಮ ಎನ್ನುತ್ತೇವಲ್ಲ, ಗಾಯಕರು ಬೇಕೆಂದೇ ಅಲ್ಲಿಗೆ ತಡವಾಗಿ ಬಂದು ತಬಲಾವಾದಕರನ್ನು ಕಾಡುತ್ತಿದ್ದರು. ತಬಲಾವಾದಕರು ಬಿಡುತ್ತಿರಲಿಲ್ಲ. ಮುಂದಿನ ಸುತ್ತಿನಲ್ಲಿ ಯಾರೂ ಎಣಿಸದ ಕಡೆ ಒಂದು ಪೆಟ್ಟು ಹಾಕಿ ಗಾಯಕರನ್ನು ಬೆಚ್ಚಿಬೀಳಿಸುತ್ತಿದ್ದರು. ಆಗ ಗಾಯಕರು ಅವರ ಕಡೆ ತಿರುಗಿ ನಗುತ್ತಿದ್ದರು. ಜನ ಹಾಡಿಗೆ ಬರುತ್ತಿದ್ದರೋ ಆ ನಗುವಿಗೆ ಬರುತ್ತಿದ್ದರೋ, ಹೇಳುವುದು ಕಷ್ಟ.

ಗಾಯಕರು ತೀರಿಕೊಂಡರು. ತಬಲಾವಾದಕರು ತಬಲಾಕ್ಕೆ ಬಟ್ಟೆ ಹೊದಿಸಿ ಇಟ್ಟುಬಿಟ್ಟರು.

ಗಾಯಕರಿಗೆ ಒಬ್ಬಳು ಮಗಳಿದ್ದಳು, ನೀಲವ್ವ. ತಂದೆಯಿಂದಲೇ ಕಲಿತವಳು. ಆದರೆ ಅವಳು ಎಲ್ಲಿ ಹಾಡಿದರೂ ಜನ, ‘ಚೆನ್ನಾಗಿದೆ, ತಂದೆಯ ಹಾಗಿಲ್ಲ’ ಎನ್ನುತ್ತಿದ್ದರು. ಕೇಳಿ ಕೇಳಿ ಅವಳೂ ಅದನ್ನೇ ನಂಬಿದಳು. ಕೊನೆಗೆ ಹಾಡುವುದನ್ನೇ ಬಿಟ್ಟಳು.

ಕೆಲವು ವರ್ಷಗಳಾದ ಮೇಲೆ ಒಬ್ಬ ವ್ಯಾಪಾರಿ ಬಂದ. ಕೆಟ್ಟವನಲ್ಲ. ಆ ಗಾಯಕರ ಹಾಡು ಕೇಳುತ್ತಲೇ ಬೆಳೆದವನು. ಅವರ ಹಳೆಯ ಕಛೇರಿಯೊಂದರ ಚಿತ್ರವನ್ನೂ ದನಿಯನ್ನೂ ಕೂಡಿಸಿ, ಅವರನ್ನು ಬೆಳಕಿನಲ್ಲಿ ಮತ್ತೆ ಕೂರಿಸುವ ಯಂತ್ರ ತಂದಿದ್ದ. ಅದರಿಂದ ತಬಲಾದ ಸದ್ದನ್ನು ಮಾತ್ರ ತೆಗೆಸಿದ್ದ. “ಪಕ್ಕದಲ್ಲಿ ನೀವೇ ಕುಳಿತು ಬಾರಿಸಿದರೆ ಜನಕ್ಕೆ ಅವರೇ ಎದ್ದು ಬಂದಂತಾಗುತ್ತದೆ” ಎಂದು ತಬಲಾವಾದಕರನ್ನು ಬೇಡಿಕೊಂಡ. ಆ ಹಳೆಯ ಕಛೇರಿಯಲ್ಲಿ ಹಿಂದಿನಿಂದ ಯಾರೋ ದನಿಗೂಡಿಸಿದ್ದರು. ಆ ದನಿಗೊಂದು ಮುಖ ಬೇಕಾಗಿತ್ತು. ವ್ಯಾಪಾರಿ ನೀಲವ್ವನಿಗೆ ಹೇಳಿದ: “ನೀನು ಹಿಂದೆ ಕೂತುಕೋ ತಾಯಿ. ದನಿ ಬೇಡ. ತುಟಿ ಆಡಿಸಿದರೆ ಸಾಕು.”

ಇಬ್ಬರೂ ಒಪ್ಪಿದರು. ಒಬ್ಬರಿಗೆ ಗೆಳೆಯನನ್ನು, ಒಬ್ಬಳಿಗೆ ತಂದೆಯನ್ನು ಇನ್ನೊಮ್ಮೆ ನೋಡುವ ಆಸೆ.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಬೆಳಕು ಮೂಡಿತು. ಗಾಯಕರು ಕುಳಿತಿದ್ದರು. ಶಾಲನ್ನು ಹೆಗಲಿಗೆ ಏರಿಸಿಕೊಂಡದ್ದೂ ಥೇಟು ಹಾಗೆಯೇ. ತಬಲಾವಾದಕರ ಕಣ್ಣು ತುಂಬಿತು. ಹಾಡು ಶುರುವಾಯಿತು. ಅವರು ಬಾರಿಸಿದರು. ಕೈ ಏನನ್ನೂ ಮರೆತಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಳೆಯ ಚಾಳಿ ಮರುಕಳಿಸಿತು. ಒಂದು ತುಂಟ ಪೆಟ್ಟು ಹಾಕಿ ಗೆಳೆಯನ ಮುಖ ನೋಡಿದರು.

ಗೆಳೆಯ ಎದುರಿಗೆ ನೋಡುತ್ತ ಹಾಡುತ್ತಲೇ ಇದ್ದ.

ಆಮೇಲೆ, ಇವರು ಏನೂ ಮಾಡದೆ ಸುಮ್ಮನೆ ತಾಳ ಹಿಡಿದಿದ್ದಾಗ, ತಟ್ಟನೆ ಇವರ ಕಡೆ ತಿರುಗಿ ನಕ್ಕ. ಜನ ಚಪ್ಪಾಳೆ ತಟ್ಟಿದರು. ತಬಲಾವಾದಕರಿಗೆ ಅರ್ಥವಾಯಿತು. ಅದು ಎಂದೋ ಹಾಕಿದ ಪೆಟ್ಟಿಗೆ ಎಂದೋ ನಕ್ಕ ನಗು.

ಅವರು ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಹಾಡು ನಿಲ್ಲಲಿಲ್ಲ.

ಪರದೆಯ ಮರೆಯಿಂದ ವ್ಯಾಪಾರಿ ಗಾಬರಿಯಲ್ಲಿ ಕರೆದ: “ಉಸ್ತಾದರೇ, ಬಾರಿಸಿ. ಜನ ಕಾಯುತ್ತಿದ್ದಾರೆ.”

“ಜನ ಕಾಯುತ್ತಿದ್ದಾರೆ, ಸಾಹುಕಾರರೇ. ಅವನು ಕಾಯುತ್ತಿಲ್ಲ.”

ಹೀಗೆಂದು ಅವರು ಹಿಂದೆ ತಿರುಗಿದರು. ನೀಲವ್ವ ತಲೆ ತಗ್ಗಿಸಿ ತುಟಿ ಆಡಿಸುತ್ತಿದ್ದಳು.

“ನೀಲವ್ವಾ, ದನಿ ಎಲ್ಲಿ?”

“ಕಾಕಾ, ಅಪ್ಪನ ಹಾಗೆ ನನಗೆ ಬರುವುದಿಲ್ಲ.”

“ಅವನ ಹಾಗೆ ಅವನೇ ಹಾಡುತ್ತಿದ್ದಾನೆ, ನೋಡು. ಅವನಿಗೆ ನಾನು ಬೇಕಾಗಿಲ್ಲ. ನಿನಗೆ ಬೇಕೇ?”

ಅವಳು ತಂದೆಯ ಬೆಳಕನ್ನು ಒಮ್ಮೆ ನೋಡಿದಳು. ಮುದುಕರ ಕೈಗಳನ್ನು ನೋಡಿದಳು. “ಬೇಕು ಕಾಕಾ” ಎಂದಳು. ಎದ್ದು ನಿಂತು ವ್ಯಾಪಾರಿಗೆ ಕೈ ಮುಗಿದು, “ಆರಿಸಿಬಿಡಿ” ಎಂದಳು.

ವ್ಯಾಪಾರಿ ಅವಳ ಮುಖ ನೋಡಿದ. ಇಲ್ಲ ಎನ್ನಲಾಗಲಿಲ್ಲ. ಬೆಳಕು ಆರಿತು.

ಖಾಲಿಯಾದ ಆ ಜಾಗಕ್ಕೆ ಬಂದು ಅವಳು ಕುಳಿತಳು. ಅವಳ ಮುಂದೆ ಮೈಕು ಇರಲಿಲ್ಲ. ತಬಲಾವಾದಕರು ತಮ್ಮ ಮುಂದಿದ್ದುದನ್ನು ಎಳೆದು ಅವಳ ಮುಂದೆ ಇಟ್ಟರು.

ಮೊದಲು ಅವಳ ದನಿ ನಡುಗಿತು. ತಂದೆಯನ್ನು ನೋಡಲು ಬಂದಿದ್ದ ಕೆಲವರು ಗೊಣಗುತ್ತ ಎದ್ದು ಹೊರಟರು. ಅವಳು ಬಿಡದೆ ಹಾಡಿದಳು. ದನಿಯ ನಡುಕ ನಿಂತಿತು. ಧೈರ್ಯ ಬಂದು, ಸ್ವರಗಳನ್ನು ವೇಗವಾಗಿ ಹೆಣೆಯುವ ಒಂದು ದೊಡ್ಡ ತಾನ್ ಎತ್ತಿಕೊಂಡಳು. ಅಲ್ಲಿ ದಾರಿ ತಪ್ಪಿತು. ಸಮ ಕೈಜಾರಿ ಹೋಯಿತು. ಸಭೆಗೂ ಅದು ತಿಳಿಯಿತು. ಅವಳು ತಬಲಾವಾದಕರ ಕಡೆ ನೋಡಿದಳು.

ಅವರು ತಮ್ಮ ಚಮತ್ಕಾರವನ್ನೆಲ್ಲ ಬಿಟ್ಟು, ಎಳೆಯರಿಗೆ ಕಲಿಸುವಷ್ಟು ಬಿಡಿಸಿ ಬಾರಿಸಿದರು. ಸಮ ಹತ್ತಿರ ಬಂದಾಗ ಒಂದು ಪೆಟ್ಟನ್ನು ಒತ್ತಿ ಹಾಕಿದರು. ಅವಳು ಅದನ್ನು ಹಿಡಿದಳು. ಆದರೆ ಕಲಿತ ದಾರಿಗೆ ಮರಳಲಿಲ್ಲ. ತಪ್ಪಿ ನಿಂತ ಸ್ವರದಿಂದಲೇ ಹೊಸದೊಂದು ತಿರುವು ತೆಗೆದುಕೊಂಡು ಸಮಕ್ಕೆ ಬಂದು ಇಳಿದಳು. ಸಭೆಯ ತಲೆಗಳೆಲ್ಲ ಒಟ್ಟಿಗೆ ತೂಗಿದವು. ಬಾಗಿಲವರೆಗೆ ಹೋಗಿದ್ದವರು ಅಲ್ಲಿಯೇ ನಿಂತರು.

“ಇದನ್ನು ಯಾರು ಕಲಿಸಿದರು?” ಎಂದರು ತಬಲಾವಾದಕರು.

“ಗೊತ್ತಿಲ್ಲ ಕಾಕಾ. ಈಗ ಬಂತು.”

ಮುದುಕರು ಬೆನ್ನು ನೆಟ್ಟಗೆ ಮಾಡಿಕೊಂಡರು. ತಲೆಯೆತ್ತಿ, ಕೊನೆಯ ಸಾಲಿಗೂ ಕೇಳುವಂತೆ ಹೇಳಿದರು: “ಕೇಳಿದಿರಾ? ಇದು ಇವಳ ಅಪ್ಪನಿಗೂ ಬರುತ್ತಿರಲಿಲ್ಲ!”

ಗೆಳೆಯನ ಬಗ್ಗೆ ಹೀಗೆ ಹೇಳುವ ಹಕ್ಕು ಅವರೊಬ್ಬರಿಗೇ ಇತ್ತು. ಸಭೆ ಎದ್ದು ನಿಂತಿತು.

ಅಂದಿನಿಂದ ನೀಲವ್ವ ಹಾಡುವುದನ್ನು ಬಿಡಲಿಲ್ಲ. ಮುದುಕರ ಬೆರಳು ಆಡುವವರೆಗೂ ಅವಳಿಗೆ ಬೇರೆ ತಬಲಾ ಬೇಕಾಗಲಿಲ್ಲ. ವ್ಯಾಪಾರಿ ಯಂತ್ರವನ್ನು ಬೇರೆ ಊರುಗಳಿಗೆ ಒಯ್ದ. ಅಲ್ಲಿಯೂ ಜನ ತುಂಬಿದರಂತೆ. ಆದರೆ ನೀಲವ್ವನ ಕಛೇರಿ ಎಲ್ಲಿದ್ದರೂ ಅವನು ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದ.

ಗುರು ಕತೆ ಮುಗಿಸಿದರು. ಶಿಷ್ಯನ ಮನಸ್ಸು ಇನ್ನೂ ಒಪ್ಪಿರಲಿಲ್ಲ.

“ಆದರೂ ಗುರುಗಳೇ, ಅವಳು ತಪ್ಪಿದಳು. ಆ ಬೆಳಕಿನ ಗಾಯಕರು ಒಮ್ಮೆಯೂ ತಪ್ಪಲಿಲ್ಲವಲ್ಲ?”

ಗುರು ಹೇಳಿದರು: “ತಪ್ಪುವುದಕ್ಕೆ ಉಸಿರು ಬೇಕಪ್ಪ.”

ಶಿಷ್ಯ ಗೋಡೆಗೆ ಒರಗಿದ್ದ ತಂಬೂರಿಯನ್ನು ಎತ್ತಿಕೊಂಡು, ಬೆಳಿಗ್ಗೆ ತಪ್ಪಿದಲ್ಲಿಂದಲೇ ಹಾಡತೊಡಗಿದ.